ಅಳಿದ ಗಾಯಕನ ಉಳಿದ ದನಿ

“ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು” ಎಂಬುದು ನಮ್ಮ ಹಿರಿಯರ ಗಾದೆ. ಬಾಯಿಂದ ಹೊರಟ ದನಿಯು ಗಾಳಿಯಲ್ಲಿ ಕರಗಿಹೋಗುವುದಲ್ಲದೆ ಮರಳಿ ಬಾರದೆಂಬುದು ಸಾವಿರಾರು ವರ್ಷಗಳ ಕಾಲ ಮಾನವನ ಅನುಭವವಾಗಿದ್ದಿತು. ೧೮೭೭ರಲ್ಲಿ ಅಮೆರಿಕದ ಎಡಿಸನ್ ಎಂಬಾತನು ದನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವನ್ನು ನಿರ್ಮಿಸಿದನು. ಅಂದಿನಿಂದ ಗಾದೆಯ ಮೊದಲರ್ಧವು ಹಳೆಯದಾಯಿತು. ಎರಡನೆಯ ಅರ್ಧವಾದರೋ ಇಂದಿಗೂ ಸತ್ಯವೇ. ಹಿಡಿದಿಟ್ಟ ದನಿಯೂ ಮುತ್ತಿನಂತೆ ಒಡೆಯಬಲ್ಲುದು. ಸವೆಯಬಲ್ಲುದು, ಸುಡಬಲ್ಲುದು, ಕಾಣೆಯಾಗಬಲ್ಲುದು. ಕೆಲವೊಮ್ಮೆ ಪರರ ಕೈಗೆ ಸಿಕ್ಕಿ ತನ್ನ ರೂಪವನ್ನೇ ಕಳೆದುಕೊಳ್ಳಬಲ್ಲುದು.

ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುವ ಹವ್ಯಾಸವು ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಹಾಡಿನ ತಟ್ಟೆಗಳನ್ನು ಕೂಡಿಡುವುದೂ ಅಂಥದೇ ಹವ್ಯಾಸವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಒಂದು ಮುಖ್ಯವಾದ ಭೇದವಿದೆ. ನಾಣ್ಯದಲ್ಲಿ ಕಣ್ಣಿಗೆ ಕಾಣುವುದೇ ಸರ್ವಸ್ವ; ತಟ್ಟೆಯು ಒಳಗಿನ ದನಿಗೆ ಪಾತ್ರೆ ಮಾತ್ರ. ಆ ಪಾತ್ರೆಯಲ್ಲಿರುವುದು ಯಾರ ದನಿ, ಎಂದು ಹಾಡಿದುದು, ಆಮೇಲೆ ಬೇರೆಯವರು ಬೆರೆಸಿದುದು ಎಷ್ಟು ಎಂಬುದನ್ನು ಅರಿಯದೆ ತಟ್ಟೆಯನ್ನಷ್ಟೇ ಬೀರುವಿನಲ್ಲಿಟ್ಟರೆ ಸಂಗ್ರಹವು ಪೂರ್ಣವಾಗದು. ಈ ಮಾತನ್ನು ಸ್ಪಷ್ಟಪಡಿಸಲು ಬಡ್ಡಿ ಹಾಲಿ ಎಂಬ ಅಮೆರಿಕದ ಗಾಯಕನ ಧ್ವನಿಮುದ್ರಿಕೆಗಳ ಕಥೆಯನ್ನು ಇಲ್ಲಿ ನಿರೂಪಿಸುತ್ತೇವೆ.

ಗಾಯಕನ ಪರಿಚಯ

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಒಂದು ಹೊಸ ಬಗೆಯ ಸಂಗೀತವು ತಲೆಯೆತ್ತಿತು. ಅಲ್ಲಿಯ ಕಪ್ಪು ಜನರ ತಾಳಪ್ರಧಾನವಾದ ಹಾಡುಗಾರಿಕೆಯೂ, ದಕ್ಷಿಣ ಪ್ರಾಂತಗಳ ಬಿಳಿಯ ಹಳ್ಳಿಗರ ಗಿಟಾರಿನ ಹಾಡುಗಾರಿಕೆಯೂ ಒಂದರೊಡನೊಂದು ಬೆರೆತು ಹುಟ್ಟಿದುದೇ ‘ರಾಕ್ ಅಂಡ್ ರೋಲ್’. ತರುಣರು ಅದಕ್ಕೆ ಮನಸೋತರು. ಹಿರಿಯರಲ್ಲಿ ಅನೇಕರು ಅದನ್ನು ಬರಿಯ ಗದ್ದಲವೆಂದು ಜರೆದರು. ಹೊಸ ಸಂಗೀತವು ಬಂದಾಗಲೆಲ್ಲ ಎಲ್ಲ ದೇಶಗಳಲ್ಲಿಯೂ ನಡೆಯುವ ಮಾತು ಇದು.

ಆ ಸಂಗೀತದ ಮೊದಲ ತಲೆಮಾರಿನವರಲ್ಲಿ ಬಡ್ಡಿ ಹಾಲಿಯು ಒಬ್ಬನು. ಸಾಲದ ಮೇಲೆ ಬೆಳೆಯುವ ನಮ್ಮ ಬಡ್ಡಿಗೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಗೆಳೆಯ ಎಂದರ್ಥ. ಮನೆಯವರು ಮುದ್ದಿನಿಂದ ಕರೆಯುತ್ತಿದ್ದ ಹೆಸರು ಅದು. ಆತನ ನಿಜವಾದ ಹೆಸರು ಚಾರ್ಲ್ಸ್ ಹಾರ್ಡಿನ್ ಹಾಲಿ. ೧೯೩೬ರ ಸೆಪ್ಟೆಂಬರ್ ೭ರಂದು ಟೆಕ್ಸಾಸ್ ಪ್ರಾಂತದ ಲಬಕ್ ಎಂಬ ಊರಿನಲ್ಲಿ, ನಾಲ್ವರು ಮಕ್ಕಳಲ್ಲಿ ಕಿರಿಯವನಾಗಿ ಹುಟ್ಟಿದನು. ಶಾಲೆಯ ದಿನಗಳಲ್ಲಿಯೇ ಗೆಳೆಯನೊಡನೆ ಕೂಡಿ ಊರಿನ ಬಾನುಲಿ ನಿಲಯದಲ್ಲಿ ಹಾಡುತ್ತಿದ್ದನು. ೧೯೫೫ರಲ್ಲಿ ಎಲ್ವಿಸ್ ಪ್ರೆಸ್ಲಿಯು ಲಬಕ್‌ಗೆ ಬಂದು ಹಾಡಿದಾಗ ಈ ಹುಡುಗನ ಮನಸ್ಸು ಸಂಪೂರ್ಣವಾಗಿ ಹೊಸ ಸಂಗೀತದ ಕಡೆಗೆ ತಿರುಗಿತು.

೧೯೫೬ರಲ್ಲಿ ಡೆಕ್ಕಾ ಎಂಬ ದೊಡ್ಡ ಕಂಪೆನಿಯು ಆತನನ್ನು ನ್ಯಾಷ್‌ವಿಲ್ ನಗರಕ್ಕೆ ಕರೆಸಿ ಹಾಡಿಸಿತು. ಒಪ್ಪಂದದ ಕಾಗದದಲ್ಲಿ ಮನೆತನದ ಹೆಸರಿನ ಒಂದು ಅಕ್ಷರ ಬಿಟ್ಟುಹೋಯಿತು; ಆ ತಪ್ಪು ಬರವಣಿಗೆಯೇ ಮುಂದೆ ಜಗತ್ಪ್ರಸಿದ್ಧವಾಯಿತು. ಆದರೆ ಅಲ್ಲಿ ಹಾಡಿದ ಹಾಡುಗಳು ಮಾರಾಟವಾಗಲಿಲ್ಲ. ಕಂಪೆನಿಯು ಆತನನ್ನು ಕೈಬಿಟ್ಟಿತು. ಹಾಲಿಯು ಎದೆಗುಂದದೆ, ಊರಿನಿಂದ ಸುಮಾರು ನೂರು ಮೈಲಿ ದೂರದ ಕ್ಲೋವಿಸ್ ಎಂಬಲ್ಲಿ ನಾರ್ಮನ್ ಪೆಟ್ಟಿ ಎಂಬಾತನು ನಡೆಸುತ್ತಿದ್ದ ಚಿಕ್ಕ ಸ್ಟುಡಿಯೋವಿಗೆ ಹೋದನು. ಬೇರೆಡೆಗಳಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ಕೊಡಬೇಕಾಗಿದ್ದರೆ ಪೆಟ್ಟಿಯು ಹಾಡಿಗಿಷ್ಟು ಎಂದು ತೆಗೆದುಕೊಳ್ಳುತ್ತಿದ್ದನು. ಆದುದರಿಂದ ಗಡಿಯಾರವನ್ನು ನೋಡುವ ಅವಸರವಿಲ್ಲದೆ, ಮನಸ್ಸಿಗೊಪ್ಪುವವರೆಗೆ ಹಾಡಿ ತಿದ್ದಿಕೊಳ್ಳುವ ಅನುಕೂಲವು ಈ ಬಡ ಹುಡುಗರಿಗೆ ದೊರೆಯಿತು. ‘ಎವ್ರಿಡೇ’ ಎಂಬ ಹಾಡಿನಲ್ಲಿ ತಾಳಕ್ಕಾಗಿ ಜೆರಿ ಆಲಿಸನ್ ಎಂಬ ಗೆಳೆಯನು ಡೋಲನ್ನು ಬಿಟ್ಟು ತನ್ನ ತೊಡೆಯನ್ನೇ ತಟ್ಟಿದನು. ‘ನಾಟ್ ಫೇಡ್ ಅವೇ’ ಎಂಬುದರಲ್ಲಿ ರಟ್ಟಿನ ಪೆಟ್ಟಿಗೆಯನ್ನು ಬಾರಿಸಿದನು. ಇವನ್ನು ಇಂದಿಗೂ ಆ ಹಾಡುಗಳಲ್ಲಿ ಸ್ಪಷ್ಟವಾಗಿ ಕೇಳಬಹುದು.

೧೯೫೭ರ ಫೆಬ್ರುವರಿಯಲ್ಲಿ ಅಲ್ಲಿ ಹಾಡಿದ ‘ದಟ್‌ಲ್ ಬಿ ದ ಡೇ’ ಎಂಬ ಹಾಡು ಆ ವರ್ಷವೇ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ತಾನೇ ಹಾಡು ಕಟ್ಟುವುದು, ತಾನೇ ಗಿಟಾರು ನುಡಿಸಿ ಹಾಡುವುದು, ಜೊತೆಗೆ ಇನ್ನೊಂದು ಗಿಟಾರು, ಮಂದ್ರದ ತಂತಿವಾದ್ಯ, ಡೋಲು ಇಷ್ಟರಲ್ಲಿಯೇ ಮೇಳವನ್ನು ಮುಗಿಸುವುದು ಎಂಬ ಆತನ ಕ್ರಮವು ಮುಂದಿನ ಎಷ್ಟೋ ತಂಡಗಳಿಗೆ ಮಾದರಿಯಾಯಿತು. ಕೀರ್ತಿಯ ಆ ಕಾಲವು ಎರಡು ವರ್ಷ ತುಂಬುವ ಮುನ್ನವೇ ಮುಗಿಯಿತು. ೧೯೫೯ರ ಫೆಬ್ರುವರಿ ೩ರ ನಡುರಾತ್ರಿಯ ಬಳಿಕ, ಒಂದು ಊರಿನ ಕಾರ್ಯಕ್ರಮವನ್ನು ಮುಗಿಸಿ ಇನ್ನೊಂದು ಊರಿಗೆ ಹೊರಟಿದ್ದ ಚಿಕ್ಕ ವಿಮಾನವು ಅಯೋವಾ ಪ್ರಾಂತದ ಕ್ಲಿಯರ್ ಲೇಕ್ ಬಳಿಯ ಹಿಮ ಕವಿದ ಹೊಲದಲ್ಲಿ ಬಿದ್ದಿತು. ಹಾಲಿ, ಜೊತೆಗಿದ್ದ ಇಬ್ಬರು ಗಾಯಕರು, ವಿಮಾನ ಚಾಲಕ, ಈ ನಾಲ್ವರಲ್ಲಿ ಒಬ್ಬರೂ ಉಳಿಯಲಿಲ್ಲ. ಹಾಲಿಗೆ ಆಗ ಇಪ್ಪತ್ತೆರಡು ವರ್ಷ. ಆತನು ಜೀವಿಸಿದ್ದಾಗ ಹೊರಬಂದಿದ್ದ ದೊಡ್ಡ ತಟ್ಟೆಗಳು ಮೂರೇ.

ದನಿಯು ನಿಲ್ಲುವ ಪಾತ್ರೆಗಳು

ಸಂಗ್ರಹದ ವಿಷಯಕ್ಕೆ ಬರುವ ಮುನ್ನ ದನಿಯು ಯಾವ ಯಾವ ವಸ್ತುಗಳಲ್ಲಿ ನಿಲ್ಲುತ್ತದೆಂಬುದನ್ನು ತಿಳಿಯಬೇಕು. ಏಕೆಂದರೆ ಪಾತ್ರೆಯ ಗುಣದೋಷಗಳೇ ದನಿಯ ಆಯುಷ್ಯವನ್ನು ನಿರ್ಣಯಿಸುತ್ತವೆ.

ಮೊದಲನೆಯದು ಹಳೆಯ ಗ್ರಾಮಫೋನಿನ ತಟ್ಟೆ. ಇದು ನಿಮಿಷಕ್ಕೆ ೭೮ ಸುತ್ತು ತಿರುಗುವುದು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುವುದು. ಇದರ ಮುಖ್ಯ ಪದಾರ್ಥವು ಅರಗು. ಪಾಂಡವರ ಅರಗಿನ ಮನೆಯ ಕಥೆಯಲ್ಲಿ ನಾವು ಕೇಳಿದ ಅರಗೇ ಇದು. ಮರದ ಕೊಂಬೆಗಳ ಮೇಲೆ ಒಂದು ಜಾತಿಯ ಕೀಟಗಳು ಸ್ರವಿಸುವ ಈ ವಸ್ತುವನ್ನು ನಮ್ಮ ದೇಶವೇ, ಅದರಲ್ಲಿಯೂ ಛೋಟಾ ನಾಗಪುರದ ಕಾಡುಗಳೇ, ಜಗತ್ತಿಗೆ ಹೇರಳವಾಗಿ ಒದಗಿಸುತ್ತಿದ್ದವು. ಅರಗಿಗೆ ಕಲ್ಲಿನ ಹುಡಿಯನ್ನು ಬೆರೆಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. ಇದು ಗಟ್ಟಿಯಾದರೂ ಕೈಜಾರಿ ಬಿದ್ದರೆ ಮಡಕೆಯಂತೆ ಚೂರಾಗುವುದು.

ಎರಡನೆಯದು ವಿನೈಲ್ ಎಂಬ ಪ್ಲಾಸ್ಟಿಕ್ಕಿನ ತಟ್ಟೆ. ನಿಮಿಷಕ್ಕೆ ೩೩⅓ ಸುತ್ತಿನ ದೊಡ್ಡ ತಟ್ಟೆಯು ೧೯೪೮ರಲ್ಲಿಯೂ ೪೫ ಸುತ್ತಿನ ಚಿಕ್ಕ ತಟ್ಟೆಯು ೧೯೪೯ರಲ್ಲಿಯೂ ಅಮೆರಿಕದಲ್ಲಿ ಬಳಕೆಗೆ ಬಂದವು. ಇವು ಬೇಗನೆ ಒಡೆಯವು. ಆದರೆ ಬಿಸಿಲಿಗೆ ಬಾಗುತ್ತವೆ, ಧೂಳಿನಿಂದ ಗೀರುತ್ತವೆ. ಅಮೆರಿಕದಲ್ಲಿ ಅರಗಿನ ತಟ್ಟೆಗಳ ಕಾಲ ೧೯೫೦ರ ದಶಕದ ಕೊನೆಗೆ ಮುಗಿಯುತ್ತ ಬಂದರೂ ನಮ್ಮಲ್ಲಿ ಕೀಲಿ ಕೊಡುವ ಗ್ರಾಮಫೋನುಗಳು ಇನ್ನೂ ಬಳಕೆಯಲ್ಲಿದ್ದುದರಿಂದ ಕಲ್ಕತ್ತೆಯ ಬಳಿಯ ಡಂ ಡಂ ಕಾರ್ಖಾನೆಯಲ್ಲಿ ೧೯೬೦ರ ದಶಕದಲ್ಲಿಯೂ ಅವು ತಯಾರಾಗುತ್ತಿದ್ದವು. ಬ್ರಿಟನ್ನಿನ ಪ್ರಸಿದ್ಧ ಬೀಟಲ್ಸ್ ತಂಡದ ಹಾಡುಗಳು ಹೀಗೆ ನಮ್ಮ ದೇಶದಲ್ಲಿ ಅರಗಿನ ತಟ್ಟೆಗಳಾಗಿ ಹೊರಬಂದವು. ಆಗ ಅಂಗಡಿಗಳಲ್ಲಿ ಸಾಧಾರಣವಾಗಿ ಮಾರುತ್ತಿದ್ದ ಆ ತಟ್ಟೆಗಳನ್ನು ಇಂದು ಜಗತ್ತಿನ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ.

ಮೂರನೆಯದು ‘ಅಸಿಟೇಟ್’ ಎಂದು ಕರೆಯುವ ತಟ್ಟೆ. ಅಲ್ಯೂಮಿನಿಯಮ್ಮಿನ ಹಾಳೆಗೆ ಮೆತ್ತನೆಯ ಲೇಪ ಕೊಟ್ಟು, ಹಾಡುತ್ತಿರುವಾಗಲೇ ಅದರ ಮೇಲೆ ನೇರವಾಗಿ ಗೆರೆ ಕೊರೆಯುತ್ತಿದ್ದರು. ಇದು ಅಚ್ಚಿನಲ್ಲಿ ಒತ್ತಿದುದಲ್ಲವಾದುದರಿಂದ ಸಾಮಾನ್ಯವಾಗಿ ಒಂದೋ ಎರಡೋ ಪ್ರತಿಗಳು ಮಾತ್ರ ಇರುತ್ತವೆ. ಪ್ರತಿಯೊಂದು ಸಲ ನುಡಿಸಿದಾಗಲೂ ಗ್ರಾಮಫೋನಿನ ಮುಳ್ಳು ಲೇಪವನ್ನು ತುಸು ತುಸು ಸವೆಸುತ್ತದೆ. ಕೇಳಿದಷ್ಟೂ ಅಳಿಯುವ ದನಿ ಇದು.

ಇವಲ್ಲದೆ ತಂತಿಯ ಮೇಲೆ ದನಿ ಹಿಡಿಯುವ ಯಂತ್ರಗಳೂ, ಅನಂತರ ಕಾಂತಲೇಪವುಳ್ಳ ಪಟ್ಟಿಯ ಧ್ವನಿಸುರುಳಿಗಳೂ ಬಂದವು. ಹಾಲಿಯ ದನಿಯ ದೊರೆತಿರುವ ಅತ್ಯಂತ ಹಳೆಯ ಮುದ್ರಿಕೆಯು ೧೯೪೯ರ ಸುಮಾರಿನಲ್ಲಿ ಇಂಥ ತಂತಿಯ ಮೇಲೆ ಹಿಡಿದುದು. ಆಗ ಆತನು ಹನ್ನೆರಡು ಹದಿಮೂರು ವರ್ಷದ ಶಾಲಾಬಾಲಕ. ಹ್ಯಾಂಕ್ ಸ್ನೋ ಎಂಬ ಗಾಯಕನ ಹಾಡೊಂದನ್ನು ಒಡೆಯದ ಎಳೆಯ ಕಂಠದಲ್ಲಿ ಹಾಡಿದ್ದಾನೆ. ಮುಂದೆ ಈ ಹುಡುಗನು ಖ್ಯಾತನಾಗುವನೆಂದು ಅಂದು ಯಾರೂ ಬಲ್ಲವರಲ್ಲ. ಆದರೂ ಅದು ಉಳಿಯಿತು.

ಒಂದೇ ಹಾಡು, ಎರಡು ತಟ್ಟೆ

ಸಂಗ್ರಾಹಕನಾದವನು ತಟ್ಟೆಯನ್ನು ಕೇಳುವ ಮೊದಲು ಓದಬೇಕು. ನಡುವಿನ ಲೇಬಲ್ಲಿನ ಮೇಲೆ ಕಂಪೆನಿಯ ಹೆಸರು, ಹಾಡಿನ ಹೆಸರು, ಕ್ರಮಸಂಖ್ಯೆ ಇರುತ್ತವೆ. ಅದಲ್ಲದೆ ಹಾಡು ಮುಗಿದ ಬಳಿಕ ಲೇಬಲ್ಲಿನವರೆಗೆ ಉಳಿಯುವ ನುಣುಪಾದ ಜಾಗದಲ್ಲಿ ಕೆಲವು ಸಣ್ಣ ಅಂಕಿ ಅಕ್ಷರಗಳನ್ನು ಕೊರೆದಿರುತ್ತಾರೆ. ಈ ತಟ್ಟೆಯು ಯಾವ ಮೂಲದಿಂದ, ಯಾವ ಅಚ್ಚಿನಿಂದ ಬಂದುದೆಂಬುದನ್ನು ಅವು ತಿಳಿಸುತ್ತವೆ. ಲೇಬಲ್ಲನ್ನು ಹೊಸದಾಗಿ ಅಚ್ಚುಹಾಕಿ ಮೋಸ ಮಾಡುವುದು ಸುಲಭ. ಕೊರೆದ ಗುರುತನ್ನು ಅನುಕರಿಸುವುದು ಅಷ್ಟು ಸುಲಭವಲ್ಲ. ಬೆಲೆಯೇರಿದ ತಟ್ಟೆಗಳಿಗೆ ನಕಲಿ ಪ್ರತಿಗಳು ಹುಟ್ಟುವುದರಿಂದ ಬಲ್ಲವರು ಮೊದಲು ಈ ಗುರುತನ್ನೇ ನೋಡುತ್ತಾರೆ.

ಇದರ ಪ್ರಯೋಜನಕ್ಕೆ ಹಾಲಿಯ ತಟ್ಟೆಗಳಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ‘ದಟ್‌ಲ್ ಬಿ ದ ಡೇ’ ಹಾಡನ್ನು ಆತನು ಮೊದಲು ಹಾಡಿದುದು ೧೯೫೬ರ ಜುಲೈಯಲ್ಲಿ, ನ್ಯಾಷ್‌ವಿಲ್‌ನಲ್ಲಿ. ಡೆಕ್ಕಾ ಕಂಪೆನಿಯು ಅದನ್ನು ಹೊರತರಲಿಲ್ಲ. ಆದರೆ ತನ್ನಲ್ಲಿ ಹಾಡಿದ ಹಾಡನ್ನು ಐದು ವರ್ಷ ಬೇರೆಯವರಿಗಾಗಿ ಹಾಡಕೂಡದೆಂಬ ನಿಬಂಧನೆಯನ್ನು ಒಪ್ಪಂದದಲ್ಲಿ ಹಾಕಿತ್ತು. ಆದುದರಿಂದ ಕ್ಲೋವಿಸ್‌ನಲ್ಲಿ ಮತ್ತೆ ಹಾಡಿದಾಗ ತಟ್ಟೆಯ ಮೇಲೆ ಹಾಲಿಯ ಹೆಸರನ್ನು ಮರೆಸಿ ‘ಕ್ರಿಕೆಟ್ಸ್’ ಎಂಬ ತಂಡದ ಹೆಸರನ್ನು ಹಾಕಿದರು. ಇದು ಆಟದ ಕ್ರಿಕೆಟ್ಟಲ್ಲ. ರಾತ್ರಿಯಲ್ಲಿ ಕಿರ್ರೆನ್ನುವ ಹುಳುವಿನ ಹೆಸರು. ಆ ತಟ್ಟೆಯನ್ನು ಹೊರತಂದ ಬ್ರನ್ಸ್‌ವಿಕ್ ಕಂಪೆನಿಯು ಡೆಕ್ಕಾದ ಅಂಗಸಂಸ್ಥೆಯೇ ಆಗಿದ್ದುದು ವಿನೋದದ ಸಂಗತಿ. ಹೊಸ ತಟ್ಟೆಯು ಜಯಭೇರಿ ಹೊಡೆದ ಕೂಡಲೆ ಡೆಕ್ಕಾದವರು ತಾವು ಮೂಲೆಗೆಸೆದಿದ್ದ ಹಳೆಯದನ್ನೂ ಮಾರುಕಟ್ಟೆಗೆ ತಂದರು. ಹೀಗಾಗಿ ೧೯೫೭ರಲ್ಲಿ ಅಂಗಡಿಗೆ ಹೋದವನ ಮುಂದೆ ಒಂದೇ ಹೆಸರಿನ, ಒಂದೇ ಕಂಠದ ಎರಡು ತಟ್ಟೆಗಳಿದ್ದವು. ಒಂದರಲ್ಲಿ ಪರರ ಅಪ್ಪಣೆಯಂತೆ ಹಾಡಿದ ಹುಡುಗ. ಇನ್ನೊಂದರಲ್ಲಿ ತನ್ನ ದಾರಿಯನ್ನು ತಾನು ಕಂಡುಕೊಂಡ ಗಾಯಕ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದಾಗ ಏಳು ತಿಂಗಳಲ್ಲಿ ಆತನು ಎಷ್ಟು ಬೆಳೆದನೆಂಬುದು ಅರಿವಾಗುವುದು. ಸೋತ ತಟ್ಟೆಯನ್ನು ಯಾರೂ ಉಳಿಸಿಕೊಳ್ಳದಿದ್ದರೆ ಗೆದ್ದ ತಟ್ಟೆಯ ಹಿರಿಮೆಯು ನಮಗೆ ಪೂರ್ಣವಾಗಿ ತಿಳಿಯುತ್ತಿರಲಿಲ್ಲ.

ಮನೆಯ ಸುರುಳಿಗಳು

ಈಗ ಕಥೆಯ ಹೃದಯಭಾಗಕ್ಕೆ ಬರುತ್ತೇವೆ. ೧೯೫೮ರ ಆಗಸ್ಟಿನಲ್ಲಿ ಹಾಲಿಯು ಮರಿಯಾ ಎಲೆನಾ ಎಂಬಾಕೆಯನ್ನು ವಿವಾಹವಾಗಿ ನ್ಯೂಯಾರ್ಕಿನಲ್ಲಿ ಮನೆಮಾಡಿದನು. ಅಕ್ಟೋಬರ್ ೨೧ರಂದು ಪಿಟೀಲು ಮೊದಲಾದ ವಾದ್ಯಗಳ ದೊಡ್ಡ ಮೇಳದೊಡನೆ ನಾಲ್ಕು ಹಾಡುಗಳನ್ನು ಹಾಡಿದನು. ಸ್ಟುಡಿಯೋವಿನಲ್ಲಿ ಆತನು ಹಾಡಿದುದು ಅದೇ ಕೊನೆ. ಆ ಬಳಿಕ ಡಿಸೆಂಬರಿನಲ್ಲಿಯೂ ೧೯೫೯ರ ಜನವರಿಯಲ್ಲಿಯೂ, ಮನೆಯಲ್ಲಿಯೇ ಇದ್ದ ಸುರುಳಿಯಂತ್ರದ ಮುಂದೆ ಕುಳಿತು, ಗಿಟಾರೊಂದನ್ನೇ ನುಡಿಸಿಕೊಂಡು, ತಾನು ಹೊಸದಾಗಿ ಕಟ್ಟಿದ ಆರು ಹಾಡುಗಳನ್ನೂ ಇತರರ ಕೆಲವು ಹಾಡುಗಳನ್ನೂ ಹಾಡಿಟ್ಟನು. ತನ್ನ ಹಿಂದಿನ ‘ಪೆಗ್ಗಿ ಸೂ’ ಎಂಬ ಹಾಡಿನ ನಾಯಕಿಗೆ ಮದುವೆಯಾಯಿತೆಂದು ಹೇಳುವ ಮುಂದಿನ ಹಾಡೂ ಅವುಗಳಲ್ಲಿ ಒಂದು. ಇವು ಮಾರಾಟಕ್ಕಾಗಿ ಹಾಡಿದವಲ್ಲ. ನಾವು ಲೇಖನ ಬರೆಯುವ ಮೊದಲು ಹಾಕಿಕೊಳ್ಳುವ ಕರಡಿನಂತೆ ಮುಂದಿನ ಕೆಲಸಕ್ಕಾಗಿ ಗುರುತಿಟ್ಟುಕೊಂಡವು. ಆ ಮುಂದಿನ ಕೆಲಸಕ್ಕೆ ಆಯುಷ್ಯ ಉಳಿಯಲಿಲ್ಲ.

ಆತನು ತೀರಿಕೊಂಡ ಮೇಲೆ ಹೊಸ ಹಾಡುಗಳಿಗಾಗಿ ಜನರ ಬೇಡಿಕೆ ಹೆಚ್ಚಿತು. ಮಂದವಾದ ಕಂಠ, ಒಂದು ಗಿಟಾರು ಇಷ್ಟೇ ಇರುವ ಮುದ್ರಿಕೆಯನ್ನು ಜನರು ಕೊಳ್ಳಲಾರರೆಂದು ಕಂಪೆನಿಯವರು ಎಣಿಸಿದರು. ೧೯೫೯ರಲ್ಲಿಯೂ ೧೯೬೦ರಲ್ಲಿಯೂ ಜ್ಯಾಕ್ ಹ್ಯಾನ್ಸೆನ್ ಎಂಬಾತನ ನೇತೃತ್ವದಲ್ಲಿ ಆ ಆರು ಹಾಡುಗಳಿಗೆ ಡೋಲು, ಗಿಟಾರು, ಹಿಮ್ಮೇಳದ ಗಾಯಕರ ದನಿ ಇವನ್ನೆಲ್ಲ ಸೇರಿಸಿ ಹೊರತಂದರು. ಅನಂತರ ಹಾಲಿಯ ಮನೆಯವರ ಒಪ್ಪಿಗೆಯಿಂದ ನಾರ್ಮನ್ ಪೆಟ್ಟಿಯು ಕ್ಲೋವಿಸ್‌ನಲ್ಲಿ ‘ಫೈರ್‌ಬಾಲ್ಸ್’ ಎಂಬ ಇನ್ನೊಂದು ತಂಡದಿಂದ ಆ ಸುರುಳಿಗಳಿಗೂ ಇತರ ಹಳೆಯ ಸುರುಳಿಗಳಿಗೂ ವಾದ್ಯಗಳನ್ನು ಸೇರಿಸಿದನು. ೧೯೬೩, ೧೯೬೪, ೧೯೬೫, ೧೯೬೯ ಹೀಗೆ ಹಾಲಿಯು ಕಾಲವಾಗಿ ಹತ್ತು ವರ್ಷಗಳವರೆಗೆ ಆತನ ‘ಹೊಸ’ ತಟ್ಟೆಗಳು ಬರುತ್ತಲೇ ಇದ್ದವು. ಆತನು ಎಂದೂ ಕೇಳದ ವಾದ್ಯಗಳೊಡನೆ ಆತನ ದನಿ ಹಾಡುತ್ತಿತ್ತು. ಕೆಲವು ಹಾಡುಗಳಿಗಂತೂ ಒಂದೇ ಮೂಲದಿಂದ ಹುಟ್ಟಿದ ಎರಡು ಬೇರೆ ಬೇರೆ ರೂಪಗಳಾದವು.

ಇದನ್ನು ಮಾಡಿದವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವರ ಕೆಲಸದಿಂದಲೇ ಹಾಲಿಯ ಹೆಸರು ಅಂದಿನ ತರುಣರ ಕಿವಿಯಲ್ಲಿ ಹಸಿರಾಗಿ ಉಳಿಯಿತು. ಆದರೆ ಕೇಳುವವನ ಮುಂದೆ ಒಂದು ಪ್ರಶ್ನೆ ಎದ್ದಿತು: ಇದರಲ್ಲಿ ಹಾಲಿಯದು ಎಷ್ಟು, ಪರರದು ಎಷ್ಟು?

ನಮ್ಮ ಓಲೆಗರಿಯ ಗ್ರಂಥಗಳನ್ನು ಶೋಧಿಸಿದ ವಿದ್ವಾಂಸರಿಗೆ ಇದೇ ಪ್ರಶ್ನೆ ಎದುರಾಗಿದ್ದಿತು. ಕವಿಯ ಮೂಲಪ್ರತಿ ಇಲ್ಲ. ಪ್ರತಿಮಾಡಿದವರು ಅಲ್ಲೊಂದು ಪದವನ್ನು ತಿದ್ದಿದ್ದಾರೆ, ಇಲ್ಲೊಂದು ಪದ್ಯವನ್ನು ಸೇರಿಸಿದ್ದಾರೆ. ಸೇರಿಸಿದುದು ಕೆಲವೊಮ್ಮೆ ಚೆನ್ನಾಗಿಯೇ ಇರುತ್ತದೆ. ಆದರೂ ಅದು ಪ್ರಕ್ಷಿಪ್ತವೆಂದು ಗುರುತಿಸಿ, ಪಾಠಾಂತರಗಳನ್ನು ಹೋಲಿಸಿ, ಕವಿಯದನ್ನು ಕವಿಗೆ ಒಪ್ಪಿಸುವುದು ಸಂಪಾದಕನ ಧರ್ಮ. ಧ್ವನಿಮುದ್ರಿಕೆಗಳ ಸಂಗ್ರಾಹಕರೂ ಇದನ್ನೇ ಮಾಡಿದರು. ಬೇರೆ ಬೇರೆ ದೇಶಗಳ ತಟ್ಟೆಗಳನ್ನು ತರಿಸಿ ಹೋಲಿಸಿದರು. ಸ್ಟುಡಿಯೋಗಳ ದಿನಚರಿಗಳನ್ನು ಹುಡುಕಿದರು. ಜೊತೆಗೆ ನುಡಿಸಿದವರನ್ನು ಕಂಡು ಯಾರು, ಎಂದು, ಏನು ನುಡಿಸಿದರೆಂದು ಕೇಳಿ ಬರೆದುಕೊಂಡರು.

ಅವರಿಗೆ ಅನುಕೂಲವಾದ ಒಂದು ತಾಂತ್ರಿಕ ಸಂಗತಿಯಿದೆ. ವಾದ್ಯ ಸೇರಿಸುವಾಗ ಮೂಲ ಸುರುಳಿಯನ್ನು ಒಂದು ಯಂತ್ರದಲ್ಲಿ ನುಡಿಸಿ, ಅದರೊಡನೆ ವಾದ್ಯಗಳನ್ನು ಬಾರಿಸಿ, ಎರಡನ್ನೂ ಕೂಡಿಸಿ ಇನ್ನೊಂದು ಸುರುಳಿಯ ಮೇಲೆ ಹಿಡಿಯುತ್ತಾರೆ. ಹೀಗೆ ಹೊಸ ಸುರುಳಿಯು ಹುಟ್ಟಿದರೂ ಹಳೆಯದು ಹಾಗೆಯೇ ಇರುತ್ತದೆ. ಅದನ್ನು ಯಾರಾದರೂ ಎಸೆಯದೆ ಇಟ್ಟಿದ್ದರೆ ಸಾಕು, ಮೂಲವು ಸಿಕ್ಕುವುದು. ಹಾಲಿಯ ವಿಷಯದಲ್ಲಿ ಪುಣ್ಯವಶಾತ್ ಅವು ಉಳಿದಿದ್ದವು. ೧೯೭೯ರಲ್ಲಿ ಬ್ರಿಟನ್ನಿನಲ್ಲಿ ಜಾನ್ ಬೀಚರ್, ಮಾಲ್ಕಮ್ ಜೋನ್ಸ್ ಎಂಬಿಬ್ಬರು ಸಂಪಾದಿಸಿದ ಆರು ದೊಡ್ಡ ತಟ್ಟೆಗಳ ಸಂಪುಟವು ಹಾಲಿಯ ಹಾಡುಗಳನ್ನೆಲ್ಲ ಒಂದೆಡೆ ಕ್ರಮವಾಗಿ ತರಲು ಯತ್ನಿಸಿತು. ೧೯೮೩ರಲ್ಲಿ ಯಾವ ಸೇರ್ಪಡೆಯೂ ಇಲ್ಲದ ಮೂಲಗಳ ಒಂದು ತಟ್ಟೆಯು ಅಮೆರಿಕದಲ್ಲಿ ಪ್ರಕಟವಾಯಿತು. ೨೦೦೯ರಲ್ಲಿ ಹೊರಬಂದ ಅಪೂರ್ವ ಮುದ್ರಿಕೆಗಳ ಸಂಪುಟದಲ್ಲಿ ನಾವು ಹಿಂದೆ ಹೇಳಿದ ಬಾಲಕಂಠದ ಹಾಡೂ, ನ್ಯೂಯಾರ್ಕಿನ ಮನೆಯ ಸುರುಳಿಗಳೂ ಸೇರಿದವು. ಗಂಡಹೆಂಡಿರು ಮನೆಯಲ್ಲಿ ಸಹಜವಾಗಿ ಮಾತಾಡಿಕೊಳ್ಳುತ್ತಿರುವುದನ್ನೂ ಅದರಲ್ಲಿ ಒಂದು ಕಡೆ ಕೇಳಬಹುದು. ಇಪ್ಪತ್ತೆರಡು ವರ್ಷದ ಯುವಕನು ಐವತ್ತು ವರ್ಷಗಳ ಬಳಿಕ ತನ್ನ ಸ್ವಂತ ದನಿಯಲ್ಲಿ ಲೋಕದ ಮುಂದೆ ಬಂದನು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ವಾದ್ಯಗಳಿಲ್ಲದ ಮನೆಯ ಸುರುಳಿಯೇ ಹಾಡಿನ ಅಂತಿಮರೂಪವೆಂದೂ ಹೇಳುವಂತಿಲ್ಲ. ಬದುಕಿದ್ದರೆ ಹಾಲಿಯೇ ಅವುಗಳಿಗೆ ಬೇಕಾದ ವಾದ್ಯಗಳನ್ನು ಜೋಡಿಸುತ್ತಿದ್ದನೇನೋ, ಕೆಲವನ್ನು ಬಿಟ್ಟೇಬಿಡುತ್ತಿದ್ದನೇನೋ. ಒಳ್ಳೆಯ ಸಂಗ್ರಾಹಕನು “ಇದೇ ಶ್ರೇಷ್ಠ” ಎಂದು ತೀರ್ಪು ಕೊಡುವುದಿಲ್ಲ. “ಇಷ್ಟು ಆತನದು, ಇಷ್ಟು ಪರರದು” ಎಂದಷ್ಟೇ ಹೇಳಿ ಎರಡನ್ನೂ ನಮ್ಮ ಮುಂದಿಡುತ್ತಾನೆ. 

ಲೋಕದಲ್ಲಿ ಒಂದೇ ಒಂದು

ಅಪೂರ್ವ ತಟ್ಟೆ ಎಂದರೆ ಎಷ್ಟು ಅಪೂರ್ವವಿರಬಹುದು? ಹಾಲಿಯು ೧೯೫೮ರ ಮಾರ್ಚಿಯಲ್ಲಿ ಬ್ರಿಟನ್ನಿನಲ್ಲಿ ಊರೂರು ಸುತ್ತಿ ಹಾಡಿದ್ದನು. ಆ ವರ್ಷವೇ ಲಿವರ್‌ಪೂಲ್ ನಗರದ ಐವರು ಹುಡುಗರು, ಮನೆಯೊಂದರಲ್ಲಿ ನಡೆಯುತ್ತಿದ್ದ ಚಿಕ್ಕ ಸ್ಟುಡಿಯೋವಿಗೆ ಹೋಗಿ, ಹದಿನೇಳೂವರೆ ಷಿಲಿಂಗು ಕೊಟ್ಟು ಒಂದು ಅಸಿಟೇಟ್ ತಟ್ಟೆಯನ್ನು ಮಾಡಿಸಿಕೊಂಡರು. ಒಂದು ಮಗ್ಗುಲಲ್ಲಿ ಹಾಡಿದುದು ಹಾಲಿಯ ‘ದಟ್‌ಲ್ ಬಿ ದ ಡೇ’. ಇನ್ನೊಂದರಲ್ಲಿ ತಮ್ಮದೇ ಹಾಡು. ಇದ್ದುದು ಒಂದೇ ತಟ್ಟೆಯಾದುದರಿಂದ ಅದನ್ನು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಇಟ್ಟುಕೊಂಡರು. ಪಿಯಾನೋ ನುಡಿಸಿದ್ದ ಹುಡುಗನ ಮನೆಯಲ್ಲಿ ಅದು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಾಗೆಯೇ ಉಳಿಯಿತು. ಆ ಐವರಲ್ಲಿ ಮೂವರು ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್. ಅಂದರೆ ಮುಂದಿನ ಬೀಟಲ್ಸ್ ತಂಡದವರು. ೧೯೮೧ರಲ್ಲಿ ಮೆಕಾರ್ಟ್ನಿಯು ಅದನ್ನು ಹಳೆಯ ಗೆಳೆಯನಿಂದ ಕೊಂಡು, ಸುಮಾರು ಐವತ್ತು ಪ್ರತಿಗಳನ್ನು ಮಾಡಿಸಿ ಆಪ್ತರಿಗೆ ಕೊಟ್ಟನು. ೧೯೯೫ರಲ್ಲಿ ಆ ಹಾಡುಗಳು ಸಾರ್ವಜನಿಕರಿಗೂ ದೊರೆತವು.

ಎಲ್ವಿಸ್ ಪ್ರೆಸ್ಲಿಯ ಮೊದಲ ತಟ್ಟೆಯ ಕಥೆಯೂ ಇಂಥದೇ. ೧೯೫೩ರಲ್ಲಿ, ಶಾಲೆಯನ್ನು ಮುಗಿಸಿದ ಹೊಸದರಲ್ಲಿ, ಆತನು ಮೆಂಫಿಸ್ ನಗರದ ಸ್ಟುಡಿಯೋವಿನಲ್ಲಿ ಸುಮಾರು ನಾಲ್ಕು ಡಾಲರು ತೆತ್ತು ಎರಡು ಹಾಡುಗಳ ಅಸಿಟೇಟನ್ನು ಮಾಡಿಸಿದನು. ಮನೆಯಲ್ಲಿ ನುಡಿಸುವ ಯಂತ್ರವಿಲ್ಲದುದರಿಂದ ಗೆಳೆಯನ ಮನೆಗೆ ಒಯ್ದು ಕೇಳಿ ಅಲ್ಲಿಯೇ ಬಿಟ್ಟನು. ೨೦೧೫ರ ಹರಾಜಿನಲ್ಲಿ ಅದಕ್ಕೆ ಮೂರು ಲಕ್ಷ ಡಾಲರು ಬೆಲೆ ಬಂದಿತು. ಕೊಂಡವನು ಜ್ಯಾಕ್ ವೈಟ್ ಎಂಬ ಸಂಗೀತಗಾರ. ಆತನು ಅದನ್ನು ತಿಜೋರಿಯಲ್ಲಿ ಬಚ್ಚಿಡಲಿಲ್ಲ. ಅದೇ ವರ್ಷ ಅದರಂತೆಯೇ ಕಾಣುವ ಪ್ರತಿಗಳನ್ನು ಮಾಡಿಸಿ ಜನರಿಗೆ ಒದಗಿಸಿದನು. ಈ ಎರಡು ತಟ್ಟೆಗಳನ್ನು ಕಾಪಾಡಿದವರು ಹಣವಂತರಲ್ಲ. ಕಸವೆಂದು ಎಸೆಯದೆ ಇಟ್ಟುಕೊಂಡ ಇಬ್ಬರು ಸಾಧಾರಣ ಗೆಳೆಯರು. ಬೆಲೆಯು ಬಂದುದು ಬಹಳ ತಡವಾಗಿ.

ಬೆಂಕಿಯ ಪಾಠ

ದೊಡ್ಡ ಕಂಪೆನಿಗಳ ಉಗ್ರಾಣದಲ್ಲಿ ಎಲ್ಲವೂ ಕ್ಷೇಮವಾಗಿರುವಾಗ ಸಾಮಾನ್ಯರು ಏಕೆ ಕಷ್ಟಪಡಬೇಕೆಂದು ಕೆಲವರು ಕೇಳಬಹುದು. ೨೦೦೮ರ ಜೂನ್ ೧ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋವಿನ ಆವರಣದಲ್ಲಿ ಭಾರಿ ಬೆಂಕಿ ಬಿದ್ದಿತು. ಅಲ್ಲಿಯ ಉಗ್ರಾಣವೊಂದರಲ್ಲಿ ಅನೇಕ ಹಳೆಯ ಗಾಯಕರ ಮೂಲ ಸುರುಳಿಗಳಿದ್ದವು. ಅಪಾರವಾದ ನಷ್ಟವಾಯಿತೆಂದೂ, ನಾಶವಾದವುಗಳಲ್ಲಿ ಹಾಲಿಯ ಸುರುಳಿಗಳೂ ಸೇರಿವೆಯೆಂದೂ ೨೦೧೯ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ವಿಸ್ತಾರವಾಗಿ ಬರೆಯಿತು. ನಷ್ಟವು ಅಷ್ಟು ದೊಡ್ಡದಲ್ಲವೆಂದು ಕಂಪೆನಿಯು ವಾದಿಸಿತು. ವಾದವು ಏನೇ ಇರಲಿ, ಒಂದು ಮಾತು ನಿಶ್ಚಯ. ಒಂದೇ ಕಡೆ ಇಟ್ಟದ್ದು ಒಂದೇ ಕಿಡಿಯಿಂದ ಹೋಗಬಲ್ಲುದು. ಹತ್ತು ಕಡೆ ಹಂಚಿದ್ದು ಹಾಗೆ ಹೋಗಲಾರದು.

ನಾವು ಕಲಿಯಬೇಕಾದುದು

ಈ ಕಥೆಯಿಂದ ಮೂರು ನಿಯಮಗಳು ಹೊರಡುತ್ತವೆ. ಮೊದಲನೆಯದು: ದನಿಯ ಜೊತೆಗೆ ಅದರ ವಿವರವನ್ನೂ ಬರೆದಿಡಬೇಕು. ಯಾರು, ಎಂದು, ಎಲ್ಲಿ ಎಂಬ ಮೂರು ಮಾತುಗಳಿಲ್ಲದ ಮುದ್ರಿಕೆಯು ಹೆಸರಿಲ್ಲದ ಕಾಗದದಂತೆ. ಎರಡನೆಯದು: ಮೂಲವನ್ನು ಮುಟ್ಟಕೂಡದು. ಚೆಂದಗಾಣಿಸುವ ಆಸೆಯಿದ್ದರೆ ಪ್ರತಿಯೊಂದನ್ನು ಮಾಡಿ ಅದರಲ್ಲಿ ಮಾಡಬೇಕು. ಮೂರನೆಯದು: ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇಡಬೇಕು. ಇವುಗಳ ಜೊತೆಗೆ ತಟ್ಟೆಗಳನ್ನು ಅಂಚಿನಿಂದ ಹಿಡಿಯುವುದು, ನೆಟ್ಟಗೆ ನಿಲ್ಲಿಸಿಡುವುದು, ಬಿಸಿಲು ತೇವಗಳಿಂದ ಕಾಯುವುದು ಇವೆಲ್ಲ ಸಾಧಾರಣ ಎಚ್ಚರಿಕೆಗಳು.

ಅಮೆರಿಕದ ಗಾಯಕನ ಕಥೆಯನ್ನು ನಾವು ಇಷ್ಟು ದೂರ ಹೇಳಿದುದಕ್ಕೆ ಕಾರಣವಿದೆ. ಗಡಿಯ ಈಚೆಯ ನಮ್ಮ ಊರುಗಳಲ್ಲಿ ಕನ್ನಡವು ಪುಸ್ತಕಕ್ಕಿಂತ ಹೆಚ್ಚಾಗಿ ಮನೆಯವರ ನಾಲಗೆಯ ಮೇಲೆ ಬಾಳಿ ಬಂದಿದೆ. ಅಜ್ಜಿಯ ಬೀಸುವ ಪದ, ಮದುವೆಯ ಸೋಬಾನೆ, ಭಜನೆಯ ಮೇಳ, ಊರಿನ ಹಿರಿಯರು ಹೇಳುವ ಹಳೆಯ ಸಂಗತಿ ಇವು ಎಷ್ಟೋ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳಲ್ಲಿಯೂ ಫೋನುಗಳಲ್ಲಿಯೂ ವಿವರವಿಲ್ಲದೆ ಬಿದ್ದಿವೆ. ಎಷ್ಟೋ ಕಡೆ ಇನ್ನೂ ಯಾರೂ ಹಿಡಿದೇ ಇಲ್ಲ. ಅಲ್ಲಿಯ ಒಂದೊಂದು ಪದದಲ್ಲಿಯೂ ಪಕ್ಕದ ಭಾಷೆಯ ಸೊಗಡು ಬೆರೆತ, ಬೇರೆಲ್ಲಿಯೂ ಕೇಳಸಿಗದ ಕನ್ನಡವಿದೆ. ತಾಯ್ತಂದೆಗಳು ಅವನ್ನು ಮಕ್ಕಳ ಮುಂದೆ ತೆಗೆದು ಕೇಳಿಸಲಿ. ಮಕ್ಕಳು ಹಿರಿಯರ ಅನುಮತಿಯನ್ನು ಪಡೆದು ಹೊಸದಾಗಿಯೂ ಹಿಡಿಯಲಿ. ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಒಂದು ನೋಟುಪುಸ್ತಕದಲ್ಲಿ ಅಂದವಾಗಿ ಬರೆಯಲಿ. ಹಾಡಿನ ನಡುವೆ ಅಜ್ಜಿಯು ಕೆಮ್ಮಿದರೆ, ಹಿತ್ತಲಲ್ಲಿ ಕರು ಕೂಗಿದರೆ ಅದನ್ನು ಅಳಿಸುವ ಗೋಜಿಗೆ ಹೋಗಬೇಕಾಗಿಲ್ಲ. ಅದೂ ಮೂಲವೇ.

ದೊಡ್ಡವರಾದವರ ದನಿಯನ್ನು ಲೋಕವು ಹೇಗೋ ಹುಡುಕಿಕೊಳ್ಳುತ್ತದೆ. ನಮ್ಮ ಮನೆಯವರ ದನಿಯನ್ನು ನಾವೇ ಉಳಿಸಿಕೊಳ್ಳಬೇಕು.